ಸ್ನಾನದ ತೊಟ್ಟಿಯಲ್ಲಿ ಮೀನಿತ್ತು

ಡಿಸೆಂಬರ್ 20

ಮಿಡತೆ ಡಬ್ಬಿಯ ಮುಚ್ಚಳ ಮತ್ತೆ ಸಡಿಲ. ಅಡುಗೆಮನೆ ತುಂಬ ಕಿರ್ರ್ ಕಿರ್ರ್. ಲುಬೋಶ್ ತನ್ನ ಕಾಫಿ ಲೋಟದಿಂದ ಒಂದನ್ನು ಚಮಚದಲ್ಲಿ ಎತ್ತಿ ಗಡ್ಡದ ಓತಿಕ್ಯಾತನ ಬಾಯಿಗೆ ಇಟ್ಟ. “ನಿನ್ನ ಮಕ್ಕಳ ತಿಂಡಿ ಆಯ್ತು. ಗಂಡನಿಗೆ ಏನಾದ್ರೂ ಇದೆಯಾ?” ಮದುವೆಯಾದ ಹೊಸದರಲ್ಲಿ ಈ ಜೋಕಿಗೆ ನಗುತ್ತಿದ್ದೆ.

ಮನೆಯಲ್ಲಿ ಜಾಗವೇ ಇಲ್ಲ. ನಡುಮನೆಯಲ್ಲಿ ಎರಡು ಹೆಬ್ಬಾವು, ಬೀರುವಿನ ಮೇಲೆ ಕೊಂಬಿನ ಕಪ್ಪೆ, ಹಾಸಿಗೆಯ ಪಕ್ಕ ಗೋಸುಂಬೆ. ನಿನ್ನೆ ಯಾರೋ ಮೆಟ್ಟಿಲ ಹತ್ತಿರ ದಿಂಬಿನ ಚೀಲದಲ್ಲಿ ಹಾವು ಬಿಟ್ಟು ಬೆಲ್ ಒತ್ತಿ ಓಡಿದ್ದಾರೆ. ಓಡಿದವರ ಬೆನ್ನಿಗೆ ಕಿಟಕಿಯಿಂದಲೇ ಬೈದೆ, ಮೂರನೇ ಮಹಡಿಯಿಂದ. ಹಬ್ಬದ ಹೊತ್ತಿಗೆ ಹೀಗೇ. ಹೊಸ ಉಡುಗೊರೆಗೆ ಜಾಗ ಬೇಕು, ಸಾಕಿ ಬೇಸತ್ತ ಹಳೆಯದು ಈ ಬೋಹ್ದಾನಾಳ ಮನೆಗೆ.

ಸಂಜೆ ಲುಬೋಶ್ ಗೆಂಡೆ ಮೀನು ತಂದ. ಕೆರೆ ಮೀನುಗಾರಿಕೆಯಲ್ಲಿ ಕೆಲಸ ಅಂದ ಮೇಲೆ ಹಬ್ಬದ ಮೀನು ಬಿಲ್ಡಿಂಗಿಗೆಲ್ಲ ನಮ್ಮದೇ ದೊಡ್ಡದು. ಕ್ರಿಸ್ಮಸ್ ಊಟಕ್ಕೆ ಅದನ್ನು ಕೊಯ್ಯುವ ಇಪ್ಪತ್ನಾಲ್ಕರವರೆಗೆ ಸ್ನಾನದ ತೊಟ್ಟಿ ಅದರದ್ದು. ನಮಗಿಬ್ಬರಿಗೂ ಬೇಸಿನ್ ಸ್ನಾನ.

ಡಿಸೆಂಬರ್ 21

ನಾನು ಅಡುಗೆ ಮಾಡುವ ಶಾಲೆಗೆ ನಾಳೆಯಿಂದ ರಜೆ. ಮಕ್ಕಳಿಗೆ ಕೊನೆಯ ಊಟ, ರವೆ ಗಂಜಿ, ಮೇಲೆ ಕೋಕೋ. ಆಲೂಗಡ್ಡೆ ಸುಲಿಯುತ್ತ ಜೊತೆ ಅಡುಗೆಯವಳು ಕ್ವೇತಾ ಕೇಳಿದಳು: “ಬೋಹ್ದಾ, ನಮ್ಮ ಪಕ್ಕದ ಮನೆಯವಳ ಹತ್ರ ಒಂದು ನೀರಾಮೆ ಇದೆಯಂತೆ. ಊಟದ ತಟ್ಟೆ ಅಷ್ಟಿದೆ. ಮನೇಲಿ ಹಸುಗೂಸು. ಡಾಕ್ಟರು, ಆಮೆ ಇಟ್ಕೋಬೇಡಿ, ಕೂಸಿಗೆ ಭೇದಿ ಅಂಟುತ್ತೆ, ಇವತ್ತೇ ಹೊರಗೆ ಸಾಗಿಸಿ ಅಂದ್ರಂತೆ. ತಗೋತೀಯಾ?”

“ಕೂಸು ಬರ್ತಿದೆ ಅಂತ ಒಂಬತ್ತು ತಿಂಗಳು ಗೊತ್ತಿರಲಿಲ್ವಂತಾ ಅವಳಿಗೆ?” ಅಂದೆ. ಅಡುಗೆಮನೆಯವರೆಲ್ಲ ನಕ್ಕರು.

“ಪಾಪ ಕಣೇ. ತುಂಬ ಒದ್ದಾಡ್ತಿದಾಳೆ.”

“ತೊಟ್ಟಿಯಲ್ಲಿ ಮೀನಿದೆ. ಮೂವರು ರಾಜರ ಹಬ್ಬ ಕಳೀಲಿ, ಜನವರೀಲಿ ತರಲಿ. ಬರೋವಾಗ ಮುಖ ತೊಳ್ಕೊಂಡು ಬಾ ಅನ್ನು. ಫೋಟೋ ತೆಗೆದು ಪೇಜಲ್ಲಿ ಹಾಕ್ತೀನಿ. ಆಮೇದಲ್ಲ, ಅವಳದ್ದು!”

ಮತ್ತೆ ನಗು. ಕ್ವೇತಾ ಕೂಡ ನಕ್ಕಳು. ಆಲೂಗಡ್ಡೆ ಸುಲಿದಳು.

ನನ್ನ ಪೇಜಿನ ಹೆಸರು ‘ಬೇಡವಾದವರು’. ಬಂದ ಪ್ರತಿ ಪ್ರಾಣಿಯ ಫೋಟೋ, ಕೆಳಗೆ ತಂದವರು ಹೇಳಿದ ನೆಪ, ಅದರ ಕೆಳಗೆ ನನ್ನ ಎರಡು ಮಾತು. ಆ ಎರಡು ಮಾತು ಓದಲಿಕ್ಕೇ ಊರು ಕಾಯುತ್ತದೆ.

ಡಿಸೆಂಬರ್ 24

ಲುಬೋಶ್ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಮೀನು ಮುಗಿಸಿದ. ಹೊರಗೆ ಬಂದು ಒಂದು ಲೋಟ ಸ್ಲಿವೋವಿತ್ಸಾ, ಪ್ಲಮ್ ಹಣ್ಣಿನ ಸಾರಾಯಿ, ಕುಡಿದ. ಪ್ರತಿ ವರ್ಷ ಅವನಿಗೆ ಹೀಗೇ ಸಂಕಟ. ಕೆರೆಯಲ್ಲಿ ಲಾರಿಗಟ್ಟಲೆ ಮೀನು ತುಂಬುತ್ತಾನೆ, ತೊಟ್ಟಿಯ ಒಂದು ಮೀನು ಕೊಯ್ಯಲು ಬಾಗಿಲು ಹಾಕಿಕೊಳ್ಳುತ್ತಾನೆ.

ಕಿಟಕಿಯಿಂದ ಕೆರೆದಂಡೆ ನೋಡಿದೆ. ಬಕೆಟ್ ಹಿಡಿದ ಸಂಸಾರಗಳು. ಮಕ್ಕಳು ಅತ್ತವೆಂದು ಮೀನಿಗೆ ಬಿಡುಗಡೆ! ನಾಲ್ಕು ದಿನ ನಲ್ಲಿ ನೀರಲ್ಲಿ ಇದ್ದ ಮೀನು ಮಂಜಿನ ನೀರಲ್ಲಿ ಎಲ್ಲಿ ಬಾಳುತ್ತದೆ… ಹೊಟ್ಟೆ ಮೇಲೆ ಮಾಡಿ ತೇಲುತ್ತದೆ, ಅಷ್ಟೆ. ಮಕ್ಕಳು ಕೈ ಬೀಸುತ್ತಿದ್ದವು. ಮೂರ್ಖರು, ಅಂದೆ. ಊಟ ಚೆನ್ನಾಗಿತ್ತು.

ಜನವರಿ 9

ಕ್ವೇತಾಳ ಪಕ್ಕದ ಮನೆಯವಳು ಬರಲೇ ಇಲ್ಲ. ಕೇಳಿದೆ. “ಬೇರೆ ಯಾರೋ ತಗೊಂಡ್ರಂತೆ” ಅಂದಳು, ಒಲೆ ಉಜ್ಜುತ್ತ. ಒಂದು ಪೀಡೆ ಕಳೆಯಿತು.

ಮಾರ್ಚ್ 14

ಕೆರೆ ಬರಿದು ಮಾಡುವ ದಿನ. ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ.

ಊರೆಲ್ಲ ದಂಡೆ ಮೇಲೆ. ರಮ್ಮು ಹಾಕಿದ ಬಿಸಿ ನೀರು, ಕಾಗದದಲ್ಲಿ ಕರಿದ ಮೀನು, ಬ್ಯಾಂಡಿನವರ ಗಲಾಟೆ. ನೀರು ಇಳಿದು ನಡುವೆ ಒಂದು ಗುಂಡಿಯಷ್ಟು ಉಳಿದಿತ್ತು. ರಬ್ಬರ್ ಪ್ಯಾಂಟು ಹಾಕಿಕೊಂಡು ಲುಬೋಶನವರು ಬಲೆ ಎಳೆದರು. ಗೆಂಡೆಗಳ ನಡುವೆ ಕೆಸರಿನ ಮುದ್ದೆಯಂಥದ್ದು ಒಂದು. ಲುಬೋಶ್ ಅದನ್ನು ಎತ್ತಿ, ಒರೆಸಿ, ನನ್ನ ಕಡೆ ನೋಡಿದ. ಯಾರೋ ತಂದು ಎಸೆದ ಸಾಕುಪ್ರಾಣಿ ಅಂತ ಗೊತ್ತಾಯಿತು.

ಕೆಂಪು ಕಿವಿಯ ಆಮೆ. ಒಂದು ಕಣ್ಣು ಬಿಳಿ. ಮೂಗಿನಲ್ಲಿ ಗುಳ್ಳೆ. ತನ್ನ ಟೋಪಿಯಲ್ಲಿಟ್ಟು ಕೊಟ್ಟ. ಬಸ್ಸಿಗೆ ಕಾಯಲಿಲ್ಲ, ಯಾರದೋ ಕಾರು ನಿಲ್ಲಿಸಿ ಬುಡೆಯೋವಿತ್ಸೆ ಪಟ್ಟಣದ ಪ್ರಾಣಿ ಡಾಕ್ಟರ ಹತ್ತಿರ ಓಡಿದೆ. ಶ್ವಾಸಕೋಶಕ್ಕೆ ಸೋಂಕು. “ಕಾಡಿನ ಪ್ರಾಣಿ ಅಲ್ಲ ಇದು, ದೀಪದ ಕೆಳಗೆ ಬೆಳೆದದ್ದು. ಬೆಚ್ಚಗಿದ್ದದ್ದನ್ನ ಒಮ್ಮೆಲೇ ಮಂಜಿಗೆ ಎಸೆದಿದ್ದಾರೆ. ಉಳಿದ್ರೆ ನಿಮ್ಮ ಪುಣ್ಯ” ಅಂದರು.

ಪುಣ್ಯವಂತೆ. ಬಸ್ಸಿನಲ್ಲಿ ವಾಪಸು ಬರುತ್ತಲೇ ಪೋಸ್ಟ್ ಹಾಕಿದೆ. ಬಿಳಿ ಕಣ್ಣಿನ ಫೋಟೋ ಹತ್ತಿರದಿಂದ. “ಇದನ್ನು ಕೆರೆಗೆ ಎಸೆದ ಕೈ ನಮ್ಮ ಊರಿನದ್ದೇ. ಆ ಕೈ ಇವತ್ತು ಯಾರ ಜೊತೆ ಕೈಕುಲುಕಿತು? ಗೊತ್ತಿದ್ದವರು ಹೆಸರು ಹೇಳಿ.” ಸಂಜೆಯೊಳಗೆ ಊರಿಗೆ ಊರೇ ಓದಿತ್ತು. ಒಳ್ಳೆಯ ವಾಕ್ಯ ಅನಿಸಿತ್ತು. ಎರಡು ಸಲ ನಾನೇ ಓದಿಕೊಂಡೆ.

ಮಾರ್ಚ್ 15, ಮಧ್ಯಾಹ್ನ

ಟೈರ್ ಅಂಗಡಿಯ ವಿಟೆಕ್ ಕಮೆಂಟ್ ಹಾಕಿದ್ದಾನೆ. “ಕ್ರಿಸ್ಮಸ್ ಸಂಜೆ ಕ್ವೇತಾ ಅವರ ಮನೆಯವರು ಮೀನು ಬಿಡಲು ಬಂದಿದ್ದರು. ಬಕೆಟ್ಟಿನಲ್ಲಿ ಮೀನಿನ ಜೊತೆ ಕಪ್ಪಗೆ ಇನ್ನೊಂದು ಇತ್ತು. ಕಲ್ಲು ಅಂದುಕೊಂಡೆ.”

ಸಾರು ಕಲಕುತ್ತ ಒಂದು ಕೈಯಲ್ಲಿ ಫೋನ್. “ಧನ್ಯವಾದ ವಿಟೆಕ್, ಊರಿಗೆ ನಿಮ್ಮಂಥವರು ಬೇಕು” ಅಂತ ಒತ್ತಿಬಿಟ್ಟೆ. ಒತ್ತಿದ ಮೇಲೆ ಓದಿದೆ. ಕ್ವೇತಾ. ಯಾವ ಕ್ವೇತಾ? ಎರಡು ಮಾರು ಆಚೆ ನಿಂತು ಸಬ್ಬಸಿಗೆ ಸೊಪ್ಪು ಹೆಚ್ಚುತ್ತಿದ್ದಾಳಲ್ಲ, ಆ ಕ್ವೇತಾ.

ಪಕ್ಕದ ಮನೆಯವಳು… ಅವಳ ಪಕ್ಕದ ಮನೆಯಲ್ಲಿ ಯಾವ ಹೆಂಗಸೂ ಇಲ್ಲ, ಹಲ್ಲಿನ ಡಾಕ್ಟರ ಕ್ಲಿನಿಕ್ಕು ಇರುವುದು. ಹಸುಗೂಸು ಅವಳ ಮಗಳದ್ದು. ಆ ಕೂಸಿಗೆ ಟೋಪಿ ಹೆಣೆದುಕೊಟ್ಟವಳು ನಾನೇ! ಅಷ್ಟೂ ಹೊಳೆಯಲಿಲ್ಲವೇ ನನ್ನ ಮಂಕು ತಲೆಗೆ? ಅವಳು ಕೇಳುತ್ತಿದ್ದಳು, ನಾನು ಜನ ನಗಿಸುತ್ತಿದ್ದೆ.

ಕಮೆಂಟ್ ತೆಗೆಯಬಹುದಿತ್ತು. ಆಗಲೇ. ಬೆರಳು ಅದರ ಮೇಲೆಯೇ ಇತ್ತು. ಆದರೆ ಅಷ್ಟರಲ್ಲಿ ಅದರ ಕೆಳಗೆ ಹತ್ತಾರು ಜನ… ತೆಗೆದರೆ ಯಾಕೆ ಅಂತ ಕೇಳುತ್ತಾರೆ ಅಂದುಕೊಂಡೆ. ಫೋನ್ ಏಪ್ರನ್ ಜೇಬಿಗೆ ಹಾಕಿದೆ. “ಉಪ್ಪು ನೋಡು” ಅಂತ ಕ್ವೇತಾ ಚಮಚ ಚಾಚಿದಳು. ನೋಡಿದೆ. ಸರಿಯಾಗಿದೆ ಅಂದೆ.

ಮಾರ್ಚ್ 17

ಕ್ವೇತಾ ಬಂದಿಲ್ಲ. ಮೈ ಹುಷಾರಿಲ್ಲ ಅಂತ ಫೋನ್ ಬಂತಂತೆ. ಯಾರೂ ಅವಳ ಹೆಸರು ಎತ್ತಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ನಾನೇನೋ ಗೆದ್ದು ಬಂದವಳ ಹಾಗೆ.

ಊಟದ ಸಾಲಿನಲ್ಲಿ ಅವಳ ಮೊಮ್ಮಗಳು ಅನೆಷ್ಕಾ. ಎರಡನೇ ತರಗತಿ. ಹಿಂದಿನ ಹುಡುಗರು ಅವಳ ಬೆನ್ನಿಗೆ ತಟ್ಟೆ ಚುಚ್ಚುತ್ತಿದ್ದರು. “ಏ, ಇವಳ ಹತ್ರ ನಿಲ್ಬೇಡ್ರೋ, ಕೆರೆಗೆ ಎಸೀತಾಳೆ!” ಹುಡುಗಿ ತಿರುಗಿ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದಳು.

ಕೈಯಲ್ಲಿ ಸೌಟಿತ್ತು. ಬಾಯಿ ಇತ್ತು. ಇಡೀ ಊರನ್ನು ಬೈಯುವ ಬಾಯಿ. ಒಂದು ಮಾತು ಹೊರಡಲಿಲ್ಲ. ಅವಳ ತಟ್ಟೆಗೆ ಒಂದು ಕಡುಬು ಹೆಚ್ಚಿಗೆ ಹಾಕಿದೆ. ಛೀ. ಕಡುಬು!

ಮಾರ್ಚ್ 19, ಸಂಜೆ

ಕ್ವೇತಾಳ ಮನೆಗೆ ಹೋದೆ. ಕೆಳಗೆ ಎರಡು ಸುತ್ತು ಹಾಕಿದ ಮೇಲೆ ಬೆಲ್ ಒತ್ತಿದ್ದು.

ಬಾಗಿಲು ಸ್ವಲ್ಪ ತೆರೆದಳು, ಸರಪಳಿ ತೆಗೆಯಲಿಲ್ಲ. ಬಾ ಅನ್ನಲಿಲ್ಲ. “ಬದುಕಿದೆಯಾ?” ಅಂದಳು.

“ಬದುಕಿದೆ. ಒಂದು ಕಣ್ಣು ಹೋಯ್ತು. ದಿನಾ ಇಂಜೆಕ್ಷನ್ ಕೊಡ್ತಿದೀನಿ.”

ಬಾಗಿಲಿಗೆ ಹಣೆ ಆನಿಸಿ ಅತ್ತುಬಿಟ್ಟಳು. ಸದ್ದಿಲ್ಲದೆ. ಒಳಗೆ ಕೂಸು ಮಲಗಿತ್ತು ಅಂತ ಕಾಣುತ್ತದೆ. ನಾನು ಅವರ ಕಾಲೊರಸು ನೋಡುತ್ತ ನಿಂತೆ.

“ನಾನು ನಿನ್ನ ಕೇಳಿದ್ದೆ ಕಣೇ” ಅಂದಳು.

“ಪಕ್ಕದ ಮನೆಯವಳದ್ದು ಅಂದೆ ನೀನು.”

“ನಮ್ದು ಅಂದಿದ್ರೆ ನನ್ನ ಬಿಡ್ತಿದ್ದೆಯಾ? ಅಷ್ಟು ಜನದ ಮುಂದೆ? ಪಕ್ಕದ ಮನೆಯವಳನ್ನೇ ಹರಿದು ಹಾಕಿದೆ. ಇನ್ನು ನನ್ನ…”

ಕಾಲೊರಸಿನ ಅಂಚನ್ನು ಬೂಟಿನಿಂದ ನೇರ ಮಾಡಿದೆ.

“ಮಗಳು ದಿನಾ ಅಳೋಳು. ಕೂಸಿಗೆ ಏನಾದ್ರೂ ಆದ್ರೆ ಅಂತ. ಜನವರಿ ತನಕ ಎಲ್ಲಿಡ್ಲಿ? ಹಬ್ಬದ ದಿನ ಮೀನು ಬಿಡಕ್ಕೆ ಹೊರಟಾಗ ಅನೆಷ್ಕಾ ಹಟ ಹಿಡಿದ್ಲು. ಮೀನಿಗೆ ಬಿಡುಗಡೆ ಅಂದ್ರೆ ನಮ್ಮ ಆಮೆ ಪುಂತ್ಯಾಗೂ ಬಿಡುಗಡೆ ಅಂತ. ಕಪ್ಪೆಗಳೆಲ್ಲ ಕೆಸರಲ್ಲೇ ಮಲಗಲ್ವಾ ಚಳಿಗಾಲ ಪೂರ್ತಿ? ಹಂಗೇ ಇದೂ ಮಲಗುತ್ತೆ, ಬೇಸಿಗೇಲಿ ದಂಡೆ ಮೇಲೆ ಕೂರುತ್ತೆ, ಹೋಗಿ ನೋಡೋಣ ಅಂದ್ವಿ. ಬ್ರೆಡ್ಡು ಬೇರೆ ಹಾಕಿ ಬಂದ್ವಿ…”

“ದೀಪದ ಕೆಳಗೆ ಬೆಳೆದದ್ದನ್ನ ಮಂಜಿಗೆ ಬಿಟ್ರೆ—” ಅಂತ ಶುರು ಮಾಡಿಯೇಬಿಟ್ಟೆ. ದೇವರೇ. ಅವಳ ಹೊಸ್ತಿಲಲ್ಲಿ ನಿಂತು, ಅವಳ ಕಣ್ಣೀರು ನೋಡುತ್ತ, ಪಾಠ. ಅಭ್ಯಾಸ ಬಲ. ಅರ್ಧಕ್ಕೆ ನಿಲ್ಲಿಸಿದೆ.

“ಹೇಳು” ಅಂದಳು. “ಮುಗಿಸು.”

ಕ್ಷಮಿಸು ಅನ್ನಲು ಹೋದವಳು ನಾನು. ಔಷಧಿ ಎಷ್ಟು ಹೊತ್ತಿಗೊಮ್ಮೆ, ನೀರು ಎಷ್ಟು ಬೆಚ್ಚಗಿರಬೇಕು, ಅದನ್ನೆಲ್ಲ ಒದರಿ ಮೆಟ್ಟಿಲು ಇಳಿದೆ. ಆ ಒಂದು ಪದ ಬರಲೇ ಇಲ್ಲ.

ಮನೆಗೆ ಬಂದು ಅಟ್ಟದ ಮೇಲೆ ನೋಡಿದೆ. ದೊಡ್ಡ ಪ್ಲಾಸ್ಟಿಕ್ ಟಬ್ಬು, ಒಂದಲ್ಲ, ಒಂದರೊಳಗೊಂದು ಎರಡು. ಡಿಸೆಂಬರಿನಲ್ಲೂ ಇದ್ದವು. ತೊಟ್ಟಿಯಲ್ಲಿ ಮೀನಿದ್ದರೇನು, ಆಮೆ ಇದರಲ್ಲಿ ಇರುತ್ತಿತ್ತು.

ಮಾರ್ಚ್ 20

ಲುಬೋಶನಿಗೆ ಎಲ್ಲ ಹೇಳಿದೆ. ಬೂಟು ಬಿಚ್ಚುತ್ತಿದ್ದವನು ಹಾಗೇ ಕೂತ.

“ಬರೆದುಬಿಡು ಮಾರಾಯ್ತಿ. ನನ್ನ ಹತ್ರ ಬಂದಿದ್ಲು, ನಾನೇ ಓಡಿಸಿದೆ ಅಂತ.”

“ಬರೆದ್ರೆ ನನ್ನ ಹತ್ರ ಯಾರು ಬರ್ತಾರೆ ಆಮೇಲೆ? ಪ್ರಾಣಿಗಳನ್ನ ಯಾರು ತರ್ತಾರೆ?”

“ಈಗ ತರ್ತಿದಾರಾ? ಮೆಟ್ಟಿಲ ಮೇಲೆ ಬಿಟ್ಟು ಓಡ್ತಾರೆ. ಯಾಕೆ ಓಡ್ತಾರೆ ಅಂತ ಒಂದು ದಿನನಾದ್ರೂ ಯೋಚನೆ ಮಾಡಿದೀಯಾ?”

ಬಾಯಿ ಮುಚ್ಚು ಅಂದೆ. ಮುಚ್ಚಿದ. ಅವನು ಹಾಗೆ ಬಾಯಿ ಮುಚ್ಚಿದರೆ ಇನ್ನೂ ಹಿಂಸೆ.

ಬರೆದೆ. ಅಳಿಸಿದೆ. ಬರೆದೆ. ಕೊನೆಗೆ ಏನೂ ಹೇಳದೆ ಇಡೀ ಪೋಸ್ಟನ್ನೇ ತೆಗೆದುಬಿಟ್ಟೆ. ಸದ್ಯ, ಮುಗಿಯಿತು ಅಂದುಕೊಂಡೆ. ನಿದ್ದೆ ಕೂಡ ಬಂತು.

ಮಾರ್ಚ್ 22

ಮುಗಿಯುವುದು ಎಲ್ಲಿ! ಬೇಕರಿಯಲ್ಲಿ ನನಗೆ ಗಸಗಸೆ ಕೇಕು ಬಿಟ್ಟಿ ಕೊಟ್ಟಳು ಅಂಗಡಿಯಾಕೆ. “ಪೋಸ್ಟ್ ತೆಗೆದ್ರಂತೆ. ಅಂಥವಳ ಮೇಲೂ ಕರುಣೆ ತೋರಿಸಿದ್ರಲ್ಲ! ಏನ್ ದೊಡ್ಡ ಮನಸ್ಸು ನಿಮ್ಮದು.” ಹಿಂದೆ ನಿಂತಿದ್ದವರು ತಲೆಯಾಡಿಸಿದರು. ಕೇಕು ತಗೊಂಡೆ. ಬೇಡ ಅನ್ನಲಿಲ್ಲ. ತಿನ್ನಲಿಕ್ಕೂ ಆಗಲಿಲ್ಲ, ಲುಬೋಶ್ ತಿಂದ.

ಮುಖ್ಯೋಪಾಧ್ಯಾಯರು ಕರೆಸಿದರು. “ಬೋಹ್ದಾನಾ ಅವರೇ, ಕೆಲವು ಪೋಷಕರು ಫೋನ್ ಮಾಡ್ತಿದಾರೆ. ಕ್ವೇತಾ ಅವರು ಮಕ್ಕಳ ಅಡುಗೆಮನೇಲಿ ಬೇಡವಂತೆ. ನಾನೂ ಅವರ ಮಾತು ಕೇಳಬೇಕಾಗುತ್ತೆ. ಇಪ್ಪತ್ತಾರಕ್ಕೆ ಪೋಷಕರ ಸಭೆ ಇದೆ, ಅಲ್ಲೇ ತೀರ್ಮಾನ ಆಗಲಿ. ಶುರುವಿನಲ್ಲಿ ನೀವು ನಾಲ್ಕು ಮಾತಾಡಿ. ಪ್ರಾಣಿಗಳು ಆಟದ ಸಾಮಾನಲ್ಲ, ಅಂತ. ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ?”

ಆಗಲಿ ಅಂದೆ. ಅಲ್ಲೇ ಹೇಳುತ್ತೇನೆ. ಎಲ್ಲರ ಮುಂದೆ. ಎಲ್ಲರ ಮುಂದೆ ತಾನೇ ಅವಳನ್ನು ಓಡಿಸಿದ್ದು.

ಆಮೆ ಇವತ್ತು ಒಂದು ಎರೆಹುಳ ತಿಂದಿತು. ವಾಲಿಕೊಂಡೇ ಈಜುತ್ತದೆ, ಒಂದು ಕಡೆಗೆ.

ಮಾರ್ಚ್ 26

ಹೇಳಿದೆ. ಹೇಗೆ ಬರೆಯಲಿ?

ಶಾಲೆಯ ಊಟದ ಹಾಲ್ ತುಂಬಿತ್ತು. ಕ್ವೇತಾ ಬಾಗಿಲ ಹತ್ತಿರ, ಕೋಟು ಬಿಚ್ಚದೆ ಕೂತಿದ್ದಳು. ಮಗಳೂ ಬಂದಿದ್ದಳು. ಅವರ ಅಕ್ಕಪಕ್ಕದ ಕುರ್ಚಿ ಖಾಲಿ.

ಎದ್ದು ನಿಂತೆ. “ಡಿಸೆಂಬರಿನಲ್ಲಿ ಕ್ವೇತಾ ನನ್ನ ಕೇಳಿದ್ಲು. ಆಮೆ ತಗೋತೀಯಾ ಅಂತ. ಮನೇಲಿ ಕೂಸಿದೆ ಅಂತ ಕಾರಣಾನೂ ಹೇಳಿದ್ಲು. ನನ್ನ ತೊಟ್ಟಿಯಲ್ಲಿ ಹಬ್ಬದ ಮೀನಿತ್ತು. ಆಗಲ್ಲ ಅಂದೆ. ಅಷ್ಟೇ ಅಲ್ಲ, ಎಲ್ಲರ ಮುಂದೆ ಗೇಲಿ ಮಾಡಿದೆ. ಆಮೇಲೆ ಅವಳ ಹೆಸರು ಬಂದಾಗ ಧನ್ಯವಾದ ಹೇಳಿದೆ. ಆಮೆಯ ಕಣ್ಣು ಹೋಗಿದ್ದು ನನ್ನಿಂದ” ಅಂದೆ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.

ಆಮೇಲೆ ವಿಟೆಕ್ ಎದ್ದ. ಕಣ್ಣು ಒದ್ದೆ ಆ ಮನುಷ್ಯನಿಗೆ! “ನೋಡಿದ್ರಾ? ಜೊತೆ ಕೆಲಸದವಳನ್ನ ಉಳಿಸಕ್ಕೆ ತಪ್ಪೆಲ್ಲ ತನ್ನ ಮೇಲೆ ಹಾಕ್ಕೋತಿದಾರೆ. ಇಂಥವರು ಎಲ್ಲಿ ಸಿಗ್ತಾರೆ?”

“ಅಲ್ಲ ವಿಟೆಕ್, ನಿಜವಾಗ್ಲೂ—”

“ಕೂತ್ಕೊಳ್ಳಿ ಬೋಹ್ದಾನಾ ಅವರೇ. ಹಬ್ಬಕ್ಕೆ ಯಾರ ತೊಟ್ಟಿಯಲ್ಲಿ ಮೀನಿರಲ್ಲ? ಅದೊಂದು ತಪ್ಪಾ? ನೀವೇನು ಕೆರೆಗೆ ಎಸೀರಿ ಅಂದ್ರಾ?”

ಚಪ್ಪಾಳೆ. ಒಬ್ಬರು ಶುರು ಮಾಡಿದರು, ಹಾಲ್ ಪೂರ್ತಿ ಹಿಡಿಯಿತು. ನಿಲ್ಲಿಸಿ, ನಿಲ್ಲಿಸಿ ಅಂತ ಕೈ ಎತ್ತಿದೆ. ಅದನ್ನೂ ವಿನಯ ಅಂದುಕೊಂಡರು. ಬಾಗಿಲ ಕಡೆ ನೋಡಿದೆ. ಕ್ವೇತಾ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ನೋಡಿದಳು. ಸಿಟ್ಟೂ ಇರಲಿಲ್ಲ ಆ ಮುಖದಲ್ಲಿ. ಮಗಳ ಕೈ ಹಿಡಿದು ಹೊರಟುಹೋದಳು.

ಮುಖ್ಯೋಪಾಧ್ಯಾಯರು ಕೈಕುಲುಕಿ, “ಇಷ್ಟು ಹೇಳಿದ ಮೇಲೆ ಅವರನ್ನ ತೆಗೆಯೋ ಮಾತಿಲ್ಲ. ನಿಮ್ಮ ಮುಖ ನೋಡಿ ಬಿಟ್ಟಿದೀವಿ” ಅಂದರು. ನನ್ನ ಮುಖ ನೋಡಿ. ಅವಳು ಇನ್ನು ಮೇಲೆ ದಿನಾ ನನ್ನ ದಯೆಯಲ್ಲಿ ಆಲೂಗಡ್ಡೆ ಸುಲಿಯಬೇಕು.

ಮಾರ್ಚ್ 27

ಕ್ವೇತಾ ಕೆಲಸ ಬಿಟ್ಟಳು. ಫೋನ್ ಮಾಡಿ ಹೇಳಿದಳಂತೆ, ನನಗಲ್ಲ. ಪಕ್ಕದ ಊರಿನ ಆಸ್ಪತ್ರೆ ಅಡುಗೆಮನೆಗೆ ಹೋಗುತ್ತಾಳಂತೆ. ಅವಳ ಚಾಕು ಮೊಳೆಗೆ ನೇತಾಡುತ್ತಲೇ ಇತ್ತು. ಯಾರೂ ಮುಟ್ಟಲಿಲ್ಲ. ಆಲೂಗಡ್ಡೆ ನಾನು ಸುಲಿದೆ.

ಮಾರ್ಚ್ 29, ಸಂಜೆ ನಾಲ್ಕು

ಪೇಜ್ ಮುಚ್ಚಿದೆ. ಎರಡು ಮಾತಿನ ಹೆಮ್ಮೆ ಸಾಕು. ಯಾಕೆ ಮುಚ್ಚಿದ್ರಿ ಅಂತ ಜನ ಕೇಳುತ್ತಿದ್ದಾರೆ, ಪಾಪ ದಣಿದಿರಬೇಕು ಅಂತ ತಾವೇ ಉತ್ತರ ಹೇಳಿಕೊಳ್ಳುತ್ತಿದ್ದಾರೆ.

ಈಗಷ್ಟೇ ಬೆಲ್ ಆಯಿತು. ತೆರೆದೆ. ಅನೆಷ್ಕಾ. ಒಬ್ಬಳೇ. ಟೋಪಿ ಕಿವಿವರೆಗೆ ಎಳೆದುಕೊಂಡಿದ್ದಳು. ಹೊಸ್ತಿಲು ದಾಟಲಿಲ್ಲ.

“ಬೈತೀರಾ?” ಅಂದಳು.

“ಇಲ್ಲ.”

“ಅಜ್ಜಿ ಹೇಳಿದ್ರು ನೀವು ಬೈತೀರ ಅಂತ. ನಾನು ಕೆರೆಗೆ ಬಿಟ್ಟಿದ್ದಕ್ಕೆ. ಬೈದಾದ ಮೇಲೆ ಪುಂತ್ಯಾನ ನೋಡ್ಬಹುದಾ?”

ಬೈಸಿಕೊಳ್ಳಲು ಸಿದ್ಧವಾಗಿಯೇ ಬಂದಿತ್ತು ಮಗು. ನಾನು ಬಾಗಿಲಲ್ಲೇ ಕುಸಿದು ಕೂತೆ, ಅವಳ ಎತ್ತರಕ್ಕೆ. ಹೇಳಿದೆ. ಸಭೆಯಲ್ಲಿ ಹೇಳಿದ ಹಾಗಲ್ಲ, ಸರಳವಾಗಿ. ನಿನ್ನ ಅಜ್ಜಿ ಪುಂತ್ಯಾನ ನನಗೆ ಕೊಡಲು ಕೇಳಿದ್ದಳು. ನಾನು ಬೇಡ ಅಂದೆ. ನನ್ನ ಮನೆಯಲ್ಲಿ ಜಾಗ ಇತ್ತು, ಆದರೂ ಬೇಡ ಅಂದೆ. ನಿನ್ನದೇನೂ ತಪ್ಪಿಲ್ಲ. ಅಜ್ಜಿಯದೂ ಇಲ್ಲ. ಕ್ಷಮಿಸು ಮಗು.

ಬಂತು ಆ ಪದ. ಬೇಕಾದವಳ ಮುಂದೆ ಬರಲಿಲ್ಲ, ಇವಳ ಮುಂದೆ ಬಂತು.

ಅವಳು ಅತ್ತಿತ್ತ ನೋಡಿದಳು, ನಡುಮನೆಯ ಹೆಬ್ಬಾವುಗಳನ್ನು, ನನ್ನನ್ನು. ನಂಬಿದಳು. ಊರಲ್ಲಿ ಮೊದಲ ಸಲ ಒಬ್ಬರು ನಂಬಿದರು.

“ಹಂಗಾದ್ರೆ ನಿಮ್ಮನ್ನ ಯಾರು ಬೈದ್ರು?” ಅಂದಳು.

ಒಳಗೆ ಆಮೆ ನೋಡುತ್ತ ಕೂತಿದ್ದಾಳೆ ಈಗ. ನಾನು ಇಲ್ಲಿ ಅಡುಗೆಮನೆಯಲ್ಲಿ, ಹಾಲು ಕಾಯಿಸುವ ನೆಪದಲ್ಲಿ ಇದನ್ನು ಬರೆಯುತ್ತಿದ್ದೇನೆ. ಉತ್ತರ ಕೊಟ್ಟಿಲ್ಲ ಇನ್ನೂ. ಮತ್ತೆ ಕೇಳುತ್ತಿದ್ದಾಳೆ, ಕೂಗಿ, ಅಲ್ಲಿಂದಲೇ. ಯಾರೂ ಬೈಯಲಿಲ್ಲ ಮಗು, ಎಲ್ಲರೂ ಚಪ್ಪಾಳೆ—